ಹರವಿಯ ಬಾಯಿಗೆ ಕಟ್ಟಿದ ಅರಿವೆ

ಆ ಮಧ್ಯಾಹ್ನ ಪಡಸಾಲೆಯಲ್ಲಿ ನಾವು ನಾಲ್ವರು ಹೆಂಗಸರಿದ್ದೆವು. ಕಂಬಕ್ಕೆ ಒರಗಿ, ಎಡಗಾಲು ಚಾಚಿ, ಕೂಸನ್ನು ಎದೆಗೆ ಹಾಕಿಕೊಂಡಿದ್ದ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಪಾದದ ಬಳಿ ಕುಕ್ಕರಗಾಲಲ್ಲಿ ಕೂತ ಕುರುಬರ ಆಯಿ. ಒಳಬಾಗಿಲ ಹೊಸ್ತಿಲ ಮೇಲೆ ಅತ್ತೆ. ಎಕ್ಕದ ಎಲೆ ಬಿಸಿ ಮಾಡಿ ತರುತ್ತಿದ್ದ ನಾನು. ನೆಗೆಣ್ಣಿಯ ನಾಲ್ಕು ವರ್ಷದ ಮಗಳು ತಾಯಿಯ ಬೆನ್ನಿಗೆ ಅಂಟಿಕೊಂಡಿದ್ದಳು. ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ಎರಡು ಮೂರು ವರ್ಷವಾಗಿರಬೇಕು. ನಾನು ಆ ಮನೆಗೆ ಸೊಸೆಯಾಗಿ ನಡೆಯಲು ಬಂದ ಮೊದಲ ವರ್ಷ ಅದು.

ನೆಗೆಣ್ಣಿಯ ಹಿಮ್ಮಡದ ಮೇಲೆ ನಾರು, ಅಂದರೆ ನಾರುಹುಣ್ಣು, ಎದ್ದಿತ್ತು. ಮೊದಲು ಸುಟ್ಟ ಬೊಬ್ಬೆಯಂಥ ಗುಳ್ಳೆ. ಅದು ಒಡೆದ ಮೇಲೆ ಬಿಳಿ ದಾರದಂಥ ಹುಳದ ತುದಿ. ಆಯಿ ಅದನ್ನು ಹತ್ತಿಯ ಬತ್ತಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಎಳೆಯುತ್ತಿದ್ದಳು. ಅವಸರ ಮಾಡಿದರೆ ಹುಳ ಹರಿಯುತ್ತದೆ. ಹರಿದರೆ ಒಳಗುಳಿದದ್ದು ಕೀವಾಗಿ ಕಾಲು ಬಾತುಕೊಳ್ಳುತ್ತದೆ; ಹಾಗೆ ಕುಂಟಾದವರು ಓಣಿಯಲ್ಲೇ ಇದ್ದರು.

"ಅಲುಗಬ್ಯಾಡವಾ. ಇದು ಬೀಗರಿದ್ದಂಗ, ಒತ್ತಾಯ ಮಾಡಿದ್ರ ಒಳಗ ಸರೀತೈತಿ," ಎಂದಳು ಆಯಿ.

ನೆಗೆಣ್ಣಿ ಹಲ್ಲು ಕಚ್ಚಿಕೊಂಡೇ ನಕ್ಕಳು. "ಬೀಗರು ಉಂಡರ ಹೋಗ್ತಾರ. ಇದು ಇಲ್ಲೇ ಮನಿ ಕಟ್ಟೇತಿ."

ನನ್ನ ತವರಿನಲ್ಲಿ ಹಗ್ಗ ಬಿಟ್ಟು ಸೇದುವ ಬಾವಿ. ನಾರಿನ ಹೆಸರನ್ನಷ್ಟೇ ಅಲ್ಲಿ ಕೇಳಿದ್ದೆ. ಇಲ್ಲಿ ಊರಿಗೆಲ್ಲ ಒಂದೇ ಪಾವಟಿಗೆಯ ಬಾವಿ. ಮೆಟ್ಟಿಲಿಳಿದು, ನೀರಲ್ಲಿ ನಿಂತು ಕೊಡ ಮುಳುಗಿಸಬೇಕು. ಉರಿಯುವ ಕಾಲಿಗೆ ತಣ್ಣೀರು ಹಿತ ಎಂದು ನಾರೆದ್ದವರು ಅಲ್ಲೇ ತುಸು ಹೊತ್ತು ನಿಲ್ಲುತ್ತಿದ್ದರು. ನೆಗೆಣ್ಣಿಯೂ ನಿಂತಿದ್ದಳು. ಹುಳ ಮರಿ ಬಿಡುವುದು ಆಗಲೇ, ನಾವು ಕುಡಿಯುವುದೂ ಅದನ್ನೇ ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಬೇಸಿಗೆ ಬಂದರೆ ಕಟ್ಟೆಗೊಬ್ಬರು ಕಾಲು ಚಾಚಿ ಕೂತಿರುತ್ತಿದ್ದರು. ಮಕ್ಕಳ ಹೊಟ್ಟೆಯ ಜಂತು, ತಲೆಯ ಹೇನು, ಕಾಲಿನ ನಾರು, ಇವನ್ನು ರೋಗ ಎಂದು ಕರೆದವರನ್ನು ನಾನು ಕಾಣೆ. ಗಾಳಿ ಬಿಸಿಲಿನ ಹಾಗೆ ಬರುತ್ತವೆ, ಹೋಗುತ್ತವೆ. ಜಂತಿಗೆ ಔಡಲೆಣ್ಣೆ, ನಾರಿಗೆ ಬೆಲ್ಲದಲ್ಲಿ ಇಂಗು, ಮುಗಿಯಿತು. ಗಂಡಸರಿಗೂ ಏಳುತ್ತಿತ್ತು. ಆದರೆ ಗಂಡಸು ಮಲಗಿದರೆ ನೀರು ತಂದು ಕೊಡುವವರಿದ್ದರು. ಹೆಂಗಸು ಮಲಗಿದರೆ ನೀರಿನ ಹರವಿ ಬರಿದು, ಕೂಸಿಗೆ ಹಾಲೂ ಕಡಿಮೆ.

ಆಯಿ ಬತ್ತಿಯನ್ನು ಕಟ್ಟಿ ಮುಗಿಸಿ, ಹುಡುಗಿಯ ಪುಟ್ಟ ಕಾಲು ಹಿಡಿದು ಚೇಷ್ಟೆ ಮಾಡಿದಳು. "ಮುಂದಿನ ಬ್ಯಾಸಗಿಗಿ ನಿನ್ನ ಪಾಳಿ ಏನ?"

ಈ ಸಲ ನೆಗೆಣ್ಣಿ ನಗಲಿಲ್ಲ. "ನನಗ ಇನ್ನೊಂದು ಏಳಲಿ ಆಯಿ, ಇಕಿಗಿ ಏಳಬಾರದು," ಎಂದು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೊಸ್ತಿಲ ಕಡೆ ತಿರುಗಿ ಕೇಳಿದಳು. "ಅತ್ತಿ, ನಿಮಗ ಒಮ್ಮಿನೂ ಯಾಕ ಎದ್ದಿಲ್ರಿ?"

"ಶಿವಾ ಕಾಯ್ದಾನ. ನಾ ಪೂಜಿ ತಪ್ಪಿಸಿಲ್ಲ."

"ಪೂಜಿ ನಾವೂ ಮಾಡ್ತೀವ್ರಿ. ನೀವು ಕುಡಿಯೂ ನೀರು ಬ್ಯಾರೆ."

ಅದು ನಿಜ. ಲಿಂಗಪೂಜೆಗೆ ನೀರನ್ನು ಅರಿವೆಯಲ್ಲಿ ಸೋಸಬೇಕು, ಅದು ನಮ್ಮ ಮನೆತನಗಳ ರೂಢಿ. ನಾವು ಸೊಸೆಯಂದಿರು ಪೂಜೆಯ ತಂಬಿಗೆಯಷ್ಟನ್ನೇ ಸೋಸಿಕೊಂಡು, ಬಾಯಾರಿದಾಗ ಹರವಿಗೆ ಕೈ ಹಾಕುತ್ತಿದ್ದೆವು. ದೀಕ್ಷೆ ತೆಗೆದುಕೊಂಡಿದ್ದ ಅತ್ತೆ ಮಾತ್ರ ದಿನವಿಡೀ ಸೋಸಿದ ನೀರನ್ನಲ್ಲದೆ ಬೇರೆ ಕುಡಿಯುತ್ತಿರಲಿಲ್ಲ.

"ಅದು ಲಿಂಗಕ್ಕ ಸೋಸಿದ್ದು," ಎಂದರು ಅತ್ತೆ. "ಹುಡುಗ್ರು ಎಂಜಲ ಕೈ ಅದ್ದೂ ಹರವಿಗಿ ಮಡಿ ಅರಿವಿ ಕಟ್ಟಾಕಾಗತೈತೇನು?"

ನೆಗೆಣ್ಣಿ ಕೂಸಿನ ಕುಂಚಿಗೆಯನ್ನು ತುಸು ಸರಿಸಿದಳು. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದರ ಕೊರಳಲ್ಲಿ ಆ ಸಣ್ಣ ಗಂಟಿತ್ತು. "ಹಂಗಾರ ಇದು ಏನ್ರಿ ಅತ್ತಿ? ಇಕಿ ಕೊಳ್ಳಾಗೂ ಐತಿ. ನಿಮ್ಮ ಲಿಂಗಕ್ಕ ಸೋಸಿದ ನೀರು, ಇವರ ಲಿಂಗಕ್ಕ ಬಾವಿ ಬಗ್ಗಡ ಏನ್ರಿ?"

ಆಯಿ, "ನನ್ನ ಕೊಳ್ಳಾಗ ಲಿಂಗ ಇಲ್ಲ, ಭಂಡಾರದ ಚೀಲ ಐತಿ. ನಾ ಇದರಾಗ ಬರೂದಿಲ್ಲವಾ," ಎಂದು ಹೊರಗೆ ನೋಡಿದಳು.

ಅತ್ತೆ ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದು ನಾನು ಅಂಜಿದೆ. ಅವರು ಬಂದದ್ದು ತಮ್ಮದೊಂದು ಹಳೆಯ ಸೀರೆ ಹಿಡಿದುಕೊಂಡು. ಸೆರಗಿನ ಕಡೆಯಿಂದ ಹರಿದು, ಎರಡು ಮಡಿಕೆ ಮಾಡಿ, ಹರವಿಯ ನೀರು ಚೆಲ್ಲಿ, ಕೈಯಾರೆ ಅದರ ಬಾಯಿಗೆ ಕಟ್ಟಿದರು.

"ಲಗೂನ ಹೊಸಾ ನೀರು ತಂದು ಹಾಕು," ಎಂದರು ನನಗೆ. "ಅರಿವಿ ಸರಿಸಿ ನೀರು ಸುರಿದವರ ಕೈ ಮುರೀತೀನಿ."

ಅವರು ಹೇಳಿದರೆಂದರೆ ಮುಗಿಯಿತು. ಮಾವನವರೂ ಸೋಸಿದ ನೀರನ್ನೇ ಕುಡಿದರು. ನೆಗೆಣ್ಣಿಯ ಹುಳ ಹರಿಯದೆ ಪೂರ್ತಿ ಹೊರಬಂತು. ಜೋಳದ ಬಿತ್ತನೆಯ ಹೊತ್ತಿಗೆ ಅವಳು ಸರಿಯಾಗಿ ನಡೆಯುತ್ತಿದ್ದಳು.

ಆದರೆ ಮರುಬೇಸಿಗೆಯಲ್ಲಿ ಹುಡುಗಿಯ ಕಣಕಾಲ ಮೇಲೆ ಗುಳ್ಳೆ ಎದ್ದಿತು. ನೆಗೆಣ್ಣಿ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಅಂದು ಅಡಿಗೆಮನೆಗೆ ಬರಲೇ ಇಲ್ಲ. "ಅರಿವಿ ಕಟ್ಟಿದವರ ಮನ್ಯಾಗೂ ಎದ್ದೈತಂತ," ಎಂದು ಓಣಿ ನಕ್ಕಿತು. ಹುಳ ಮೈಯಲ್ಲಿ ಸುಮಾರು ಒಂದು ವರ್ಷ ಅಡಗಿರುತ್ತದೆ, ಇದು ಅರಿವೆ ಕಟ್ಟುವ ಮೊದಲು ಕುಡಿದ ನೀರಿನದು ಎಂದು ಹೇಳುವವರು ನಮ್ಮಲ್ಲಿ ಯಾರಿದ್ದರು?

ಇನ್ನು ಅತ್ತೆ ಅರಿವೆ ಬಿಚ್ಚುತ್ತಾರೆ ಎಂದುಕೊಂಡೆ. ಅವರು ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಎಲ್ಲೆಲ್ಲಿ ನೀರು ಕುಡಿದೆ ಎಂದು ಕೇಳಿದರು. ಹೊಲಕ್ಕೆ ಒಯ್ಯುವ ಗಡಿಗೆಯದು ಎಂದಳು ಹುಡುಗಿ. "ನೋಡು, ಅದಕ್ಕ ಕಟ್ಟಿದ್ದಿಲ್ಲ ನಾವು," ಎಂದು ಅತ್ತೆ ಸೀರೆಯ ಉಳಿದ ಅರ್ಧವನ್ನೂ ಹರಿದರು. ಲೆಕ್ಕ ತಪ್ಪಿತ್ತು, ಮಾಡಿದ ಕೆಲಸ ಸರಿಯಿತ್ತು. ಎಷ್ಟೋ ಸಲ ಹಿರಿಯರ ಬದುಕು ಹೀಗೇ ನಡೆದಿದೆ.

ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ನಾರು ಏಳಲಿಲ್ಲ. ಒಂದು ಮುಂಜಾನೆ ಕುರುಬರ ಆಯಿ ಬಾಗಿಲಿಗೆ ಬಂದಳು. ಇಲ್ಲಿ ಯಾರ ಕಾಲಲ್ಲೂ ಎಳೆಯಲು ನಾರಿಲ್ಲ ಎಂದು ನೆಗೆಣ್ಣಿ ಒಳಗಿನಿಂದಲೇ ಹೇಳಿದಳು.

"ಅದಕ್ಕ ಬಂದಿಲ್ಲವಾ," ಎಂದಳು ಆಯಿ. "ಹಳೀ ಸೀರಿ ಇದ್ರ ಒಂದು ತುಂಡು ಕೊಡ್ರಿ. ಮೊಮ್ಮಕ್ಕಳ ಗಡಿಗಿಗಿ ಕಟ್ಟಬೇಕು."