ಕುಸುಬಿ ಎಣ್ಣೆ ಕುಡಿದ ಪಿಸ್ತೂಲು

ನನ್ನ ಗಂಡ ಹೊಳೆಪ್ಪ ಕಮ್ಮಾರ ತೀರಿಕೊಂಡು ಐದು ತಿಂಗಳಾಯಿತು. ಬಂದೂಕು ರಿಪೇರಿ ಮಾಡುತ್ತಿದ್ದವರು, ಆದ್ದರಿಂದ ಬಂದೂಕಿನಿಂದಲೇ ಸತ್ತರು ಎಂದು ದೂರದ ಮಂದಿ ತಿಳಿದಿದ್ದಾರೆ. ಅಲ್ಲ. ಕಾಮಾಲೆಯಿಂದ ಸತ್ತರು. ಹನ್ನೊಂದು ದಿನ ಹಳದಿಯಾಗಿ ಮಲಗಿದ್ದರು. ಹನ್ನೆರಡನೆಯ ದಿನ ಇರಲಿಲ್ಲ.

ಬಂದೂಕಿನಿಂದ ಹೋಗಬಹುದಾಗಿದ್ದ ದಿನ ಒಂದೇ ಒಂದು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ನಾನು ಹೇಳುತ್ತೇನೆ. ಕುಬೇರಪ್ಪಗೌಡರಿಗೆ ಬೇಜಾರಾದರೆ ಆಗಲಿ.

ನಮ್ಮ ಅಂಗಡಿ ಅಣ್ಣಿಗೇರಿಯಲ್ಲಿ, ಸ್ಟೇಷನ್ ದಾರಿಗೆ. ಮನೆಯೂ ಅದೇ, ಅಂಗಡಿಯೂ ಅದೇ. ನಡುವೆ ಒಂದು ಗೋಡೆ. ಮದುವೆಗೆ ಮೊದಲು ಅವರು ಪುಣೆಯ ಕಡೆ ಮಿಲಿಟರಿ ವರ್ಕಶಾಪಿನಲ್ಲಿ ಏಳು ವರ್ಷ ಇದ್ದರು. ಬಂದೂಕಿನ ಕೆಲಸ ಅಲ್ಲಿ ಕಲಿತದ್ದು. ಊರಿಗೆ ಬಂದು ಸರಕಾರದ ಪರವಾನಿಗೆ ತೆಗೆಸಿದರು. ನಮ್ಮ ಕಡೆ ಚಿಗರಿ, ಅಂದರೆ ಜಿಂಕೆ, ಹಿಂಡುಹಿಂಡಾಗಿ ಕಡಲೆ ಹೊಲಕ್ಕೆ ಬೀಳುತ್ತವೆ. ಬೆದರಿಸಲಿಕ್ಕೆ ರೈತರು ನಾಡಬಂದೂಕು ಇಟ್ಟಿರುತ್ತಾರೆ. ಅವು ಕೆಟ್ಟರೆ ನಮ್ಮಲ್ಲಿಗೇ ಬರುತ್ತಿದ್ದವು. ಉಳಿದ ದಿನ ಕುಡುಗೋಲು, ಕೊಡಲಿ, ಕೀಲಿ.

ಮಾತು ಕಡಿಮೆಯವರು. ಯಾರು ಏನೇ ಹೇಳಲಿ, ಕೈಯಿಂದ ಮುಟ್ಟಿ ನೋಡದೆ ನಂಬುತ್ತಿರಲಿಲ್ಲ. ಜೋಳ ಒಣಗಿದೆ ಎಂದು ನಾನು ಹೇಳಿದರೂ ಒಂದು ಕಾಳು ಕಡಿದು ನೋಡುವರು. ನನಗೆ ಸಿಟ್ಟು ಬರುತ್ತಿತ್ತು.

ಎಪ್ಪತ್ನಾಲ್ಕರ ಚಳಿಗಾಲ. ಒಂದು ಗುರುವಾರ ಕುಬೇರಪ್ಪಗೌಡರು ಬಂದರು. ಎಂಟು ಕೂರಿಗೆ ಹೊಲದ ಸಿರಿವಂತರು. ಹುಬ್ಬಳ್ಳಿಯಲ್ಲಿ ಗುರಿ ಹೊಡೆಯುವ ಆಟಕ್ಕೆ ಹೋಗುತ್ತಿದ್ದರು. ಎರಡು ವರ್ಷದಿಂದ ಬಿಟ್ಟಿದ್ದರು. ವಸ್ತ್ರದ ಗಂಟು ಬಿಚ್ಚಿ ಉದ್ದ ನಳಿಗೆಯ ಪಿಸ್ತೂಲು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಟ್ಟರು. ಕಟ್ಟೆಯ ಮೇಲೆಯೇ ಕುಳಿತರು. ನಮ್ಮ ಅಂಗಡಿಯ ಒಳಗೆ ಅವರು ಯಾವತ್ತೂ ಕಾಲಿಟ್ಟವರಲ್ಲ.

"ಹೊಳೆಪ್ಪ, ಇದು ಬಾಯಿ ಬಿಡವಲ್ದು ನೋಡೋ. ಹುಬ್ಬಳ್ಳಿಯಾಗ ಇಬ್ಬರು ಕೈ ಮುಗದ್ರು."

"ಒಳಗ ಕಾಡತೂಸ ಐತೇನ್ರಿ ಗೌಡ್ರ?"

"ಖಾಲಿ ಐತಿ. ನಾನ ಡಬ್ಬಿ ತಗದೀನಿ." ಕಾಡತೂಸು ತುಂಬುವ ಡಬ್ಬಿ ಹಿಡಿಕೆಯ ಒಳಗೆ ಇರುತ್ತದೆ. ಅದನ್ನು ತೆಗೆದರೂ ನಳಿಗೆಯ ಬುಡದಲ್ಲಿ ಒಂದು ಕಾಡತೂಸು ಉಳಿದಿರಬಹುದು.

"ಡಬ್ಬಿ ತಗದೀರಿ. ನಳಿಗಿ ನೋಡೀರೇನು?"

"ಹತ್ತು ವರ್ಷ ಗುರಿ ಹೊಡದಾಂವಗ ಕೇಳ್ತೀಯಲ್ಲೋ! ಕೊಡಲಿಗೆ ಹಿಡಿಕಿ ಹಾಕಾಂವ ನೀ."

ಇವರು ಬಿದಿರಿನ ಸಣ್ಣ ಕಡ್ಡಿ ತೆಗೆದರು. ನಳಿಗೆಯ ಹೊರಗೆ ಹಿಡಿದು, ತುದಿಯಿಂದ ಬುಡದವರೆಗೆ ಅಳೆದು, ಸುಣ್ಣದ ಗುರುತು ಹಾಕಿದರು. ಆಮೇಲೆ ಕಡ್ಡಿಯನ್ನು ಒಳಗೆ ಬಿಟ್ಟರು. ನಳಿಗೆ ಖಾಲಿ ಇದ್ದರೆ ಗುರುತಿನವರೆಗೆ ಇಳಿಯಬೇಕು. ಒಂದು ಇಂಚು ಹೊರಗೇ ಉಳಿಯಿತು.

"ಕಸಾ ಇರಬೇಕು," ಎಂದರು ಗೌಡರು.

"ಕಸಾ ಇದ್ರ ಚಲೋನ. ನಾ ಕಸಾ ಅಂತ ತಿಳಿಯೂದಿಲ್ರಿ."

ನಾನು ನೀರು ತಂದಿದ್ದೆ. ಪಿಸ್ತೂಲಿನ ಮೇಲೆ ಜೇನಿನ ಬಣ್ಣದ ಪೊರೆ ಕಂಡಿತು. ಬಗ್ಗಿ ಮೂಸಿದೆ. "ರೀ, ಇದು ಮಶೀನ್ ಎಣ್ಣಿ ಅಲ್ಲ. ಕುಸುಬಿ ಎಣ್ಣಿ."

"ಹೌದಲ್ಲ," ಎಂದರು ಗೌಡರು. "ನಮ್ಮ ಗಾಣದ್ದು. ಉಣ್ಣಾಕ ಬರೂದು ಇದಕ್ಕ ಬರೂದಿಲ್ಲೇನು? ತುಕ್ಕು ಹಿಡೀಬಾರದಂತ ತುಂಬ ಹೊಯ್ದು ಅಟ್ಟದ ಮ್ಯಾಲ ಇಟ್ಟಿದ್ದೆ."

ಗೌಡರಿಗೆ ಅಡುಗೆಮನೆ ಗೊತ್ತಿಲ್ಲ. ಎಣ್ಣೆ ಗಡಿಗೆಯ ಕೊರಳಿಗೆ ಸೋರಿದ ಕುಸುಬಿ ಎಣ್ಣೆ ಆರು ತಿಂಗಳಿಗೆ ಅರಗು ಆಗುತ್ತದೆ. ಉಗುರಿನಿಂದ ಹೋಗುವುದಿಲ್ಲ. ಇಲ್ಲಿ ಎರಡು ವರ್ಷ ಒಣಗಿತ್ತು.

"ಕುದಿಯೋ ಸೋಡಾ ನೀರಾಗ ಹಾಕಿದ್ರ ಬಿಡತೈತ್ರಿ," ಎಂದೆ ಇವರಿಗೆ.

"ಒಳಗ ಮದ್ದೈತಿ. ಒಲಿ ಹತ್ರ ಒಯ್ಯಂಗಿಲ್ಲ."

ಸೋಮವಾರ ಗೌಡರು ಪಿಸ್ತೂಲನ್ನು ಲೈಸೆನ್ಸಿನ ಜೊತೆ ಠಾಣೆಯಲ್ಲಿ ತೋರಿಸಬೇಕಿತ್ತು. ಎಂಟು ದಿನ ಬೇಕು ಎಂದು ಇವರು ಹೇಳಿದರು. ಭಾನುವಾರ ಬರುತ್ತೇನೆ ಎಂದು ಗೌಡರು ಎದ್ದು ಹೋದರು.

"ಒಲ್ಲೆ ಅನ್ನಬೇಕಿತ್ತು ನೀವು," ಎಂದೆ.

"ಒಲ್ಲೆ ಅಂದ್ರ ಮನಿಗೆ ಒಯ್ದು ಸುತಗಿ ತಗೊಂಡು ಬಡೀತಾನ. ಮನಿ ತುಂಬ ಮಂದಿ ಅದಾರ."

ಆ ಪಿಸ್ತೂಲಿನ ಕಾಡತೂಸು ನನ್ನ ಕಿರುಬೆರಳಿಗಿಂತ ಸಣ್ಣದು. ಅದರ ಸಿಡಿಮದ್ದು ಬುಡದ ಅಂಚಿನ ಸುತ್ತ ಇರುತ್ತದೆ. ಅಂಚಿಗೆ ಎಲ್ಲಿ ಪೆಟ್ಟು ಬಿದ್ದರೂ ಹಾರುತ್ತದೆ. ಇಕ್ಕಳ ಹಾಕಿ ಎಳೆಯುವ ಹಾಗಿಲ್ಲ. ಇನ್ನೊಂದು ಭಯ ಇತ್ತು. ಕಾಡತೂಸಿನ ಅಂಚಿಗೆ ಹೊಡೆಯುವ ಒಳಗಿನ ಸೂಜಿ ತಯಾರಾಗಿ ನಿಂತಿರಬಹುದು. ಅದನ್ನು ಹಿಡಿದಿಟ್ಟದ್ದು ಆ ಎಣ್ಣೆಯ ಅಂಟು ಒಂದೇ ಇರಬಹುದು. ಅಂಟು ಕರಗಿದ ಗಳಿಗೆಗೆ ತಾನೇ ಹಾರೀತು.

ತಗಡಿನ ತಟ್ಟೆಯಲ್ಲಿ ದೀಪದ ಚಿಮಣಿ ಎಣ್ಣೆ, ಟರ್ಪೆಂಟೈನ್ ಹೊಯ್ದು ಪಿಸ್ತೂಲು ಮುಳುಗಿಸಿದರು. ನಳಿಗೆಯ ಮುಂದೆ ಹಸಿ ಉಸುಕಿನ ಎರಡು ಚೀಲ ಒಟ್ಟಿದರು. ಅಂಗಡಿಯ ಬಾಗಿಲು ಹಾಕಿದರು. ಮೂರು ದಿನ ನಾನು ಆ ಗೋಡೆಯ ಈಚೆಗೆ ಅಡುಗೆ ಮಾಡಿದೆ. ಪಾತ್ರೆಯನ್ನೂ ಸಪ್ಪಳವಾಗದಂತೆ ಮೆಲ್ಲಗೆ ಇಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಗೌಡರು ಬಂದು ಕಟ್ಟೆಯ ಮೇಲೆ ಕುಳಿತರು.

"ನೀ ಅನ್ನವ್ವನ ಮನಿಗೆ ಹೋಗು," ಎಂದರು ಇವರು ನನಗೆ. ಅನ್ನವ್ವ ಬಾಜೂ ಮನೆಯವಳು.

"ಹೋಗೂದಿಲ್ಲ."

ಹಿಡಿಕೆಗೆ ಹಳೆಯ ಚಪ್ಪಲಿಯ ಚರ್ಮ ಸುತ್ತಿ ಕಬ್ಬಿಣದ ವೈಸಿನ ದವಡೆಯಲ್ಲಿ ಬಿಗಿದರು. ಬಾಯಿ ಉಸುಕಿನ ಕಡೆ, ಹಿಡಿಕೆಯ ಕೆಳಗೆ ಒಂದು ಬಟ್ಟಲು. ಪಿಸ್ತೂಲಿನ ಹಿಂದಿನ ತುಂಡು ಸ್ಪ್ರಿಂಗಿನ ಮೇಲೆ ಹಿಂದಕ್ಕೆ ಜಾರಬೇಕು. ಆಗ ಕಾಡತೂಸು ಹೊರಗೆ ಬರಬೇಕು. ಮರದ ಕೊಡತಿಯಿಂದ ಸಣ್ಣಗೆ ತಟ್ಟುತ್ತ ಹೋದರು. ತಟ್ಟುವುದು, ಚಿಮಣಿ ಎಣ್ಣೆ ಬಿಡುವುದು, ಕಿವಿ ಇಟ್ಟು ಕೇಳುವುದು. ತಾಸಿನ ಮೇಲೆ ಕಿರ್ ಎಂದು ಒಂದು ಇಂಚು ಸರಿಯಿತು. ಒಳಗೆ ಹಿತ್ತಾಳೆ ಕಂಡಿತು. ಕಾಡತೂಸೇ. ಆದರೆ ಅದು ಬರಲಿಲ್ಲ. ಅಂಟಿಕೊಂಡು ಅಲ್ಲೇ ಕುಳಿತಿತ್ತು.

ಸ್ಪ್ರಿಂಗು ತುಂಡನ್ನು ಮುಂದಕ್ಕೆ ತಳ್ಳುತ್ತಿತ್ತು. ಅದು ಹಿಂದೆ ನಿಲ್ಲಲಿ ಎಂದು ಜಾಲಿಯ ಬೆಣೆ ಹಾಕಿದರು. ಎಣ್ಣೆಗೆ ಜಾರಿ ಬಿತ್ತು. ಮತ್ತೊಂದು ಹಾಕಿದರು. ಅದೂ ಬಿತ್ತು.

"ನಾ ಹಿಡೀತೀನಿ," ಎಂದೆ.

ಅವರು ನನ್ನ ಮುಖ ನೋಡಿದರು. ಕಾಡತೂಸನ್ನು ನಳಿಗೆಯ ಬಾಯಿಯಿಂದ ಸಲಾಕೆ ಹಾಕಿ ಹಿಂದಕ್ಕೆ ತಳ್ಳಬೇಕು. ತಳ್ಳುವ ಅಂಗೈ ನಳಿಗೆಯ ಮುಂದೆಯೇ ಇರಬೇಕು. ನಾನು ಹಿಡಿದದ್ದು ಜಾರಿದರೆ ತುಂಡು ಮುಂದೆ ಬಂದು ಅಂಚಿಗೆ ಬಡಿಯುತ್ತದೆ. ಗುಂಡು, ಸಲಾಕೆ, ಎರಡೂ ಅವರ ಅಂಗೈಯಲ್ಲಿ. ಬಲಗೈ. ನಾವು ಉಣ್ಣುವುದು ಆ ಕೈಯ ಮೇಲೆ.

ಒಲೆಯ ಬೂದಿ ಕೈಗೆ ಒರೆಸಿಕೊಂಡೆ. ಎರಡೂ ಕೈಯಿಂದ ಎಳೆದು ಹಿಡಿದೆ.

"ಕೈ ಸೋತ್ರ ಮೊದಲ ಹೇಳು. ಬಿಟ್ಟ ಮ್ಯಾಲ ಹೇಳಬ್ಯಾಡ."

"ನೀವು ತಳ್ಳರಿ."

ಹಿತ್ತಾಳೆ ಸಲಾಕೆ ಒಳಗೆ ಹೋಯಿತು. ಅವರು ಪಕ್ಕಕ್ಕೆ ಬಾಗಿ ಅಂಗೈಯಿಂದ ಒತ್ತಿದರು. ಹೊಡೆಯುವಂತಿಲ್ಲ, ಒತ್ತಬೇಕು. ಬರಲಿಲ್ಲ. ಮತ್ತೆ ಒತ್ತಿದರು. ಕೂದಲೆಳೆಯಷ್ಟು ಸರಿಯಿತು.

ಹೊರಗಿನಿಂದ ಗೌಡರು, "ಏ ಹೊಳೆಪ್ಪ, ಇಬ್ಬರೂ ಕೂಡಿ ಕೂಸು ಹಡಿಯಾಕತ್ತೀರೇನೋ? ಎಷ್ಟೊತ್ತು?" ಎಂದರು.

ಇವರು ಕೇಳಿಸಿಕೊಳ್ಳಲಿಲ್ಲ. ತುಂಡಿನಿಂದ ಚಿಮಣಿ ಎಣ್ಣೆ ಇಳಿಯುತ್ತಿತ್ತು. ಕೈಯ ಬೂದಿ ಕೆಸರಾಯಿತು. ಜಾರುತ್ತಿದೆ ಎಂದು ಗೊತ್ತಾಯಿತು. ಹೇಳಲಿಕ್ಕೆ ಹೊತ್ತಿರಲಿಲ್ಲ. ಬಲಗೈ ಹೆಬ್ಬೆರಳನ್ನು ಸಂದಿಯೊಳಗೆ ತುರುಕಿದೆ. ತುಂಡು ಬಂದು ಉಗುರಿನ ಮೇಲೆ ಕುಳಿತಿತು. ಕಾಡತೂಸಿಗೆ ತಾಗಲಿಲ್ಲ.

ಕೂಗಲಿಲ್ಲ. ಕೂಗಿದ್ದರೆ ಅವರ ಕೈ ಅಲುಗುತ್ತಿತ್ತು.

ಅವರು ರಕ್ತ ನೋಡಿದರು. "ಗುರವ್ವಾ."

"ತಳ್ಳರಿ."

ಅಂಗೈ ತೆಗೆಯಲಿಲ್ಲ. ಇನ್ನೊಮ್ಮೆ ಒತ್ತಿದರು. ಕಾಡತೂಸು ಬುಡ ಬಿಟ್ಟು, ಹಿಡಿಕೆಯ ಒಳಗಿಂದ ಇಳಿದು, ಕೆಳಗಿನ ಬಟ್ಟಲಿಗೆ ಟಣ್ ಎಂದು ಬಿತ್ತು. ಆಮೇಲೆ ಅವರು ತುಂಡು ಎಳೆದು ನನ್ನ ಬೆರಳು ಬಿಡಿಸಿದರು.

ಸಪ್ಪಳಕ್ಕೆ ಗೌಡರು ಒಳಗೆ ಬಂದರು. ಬಟ್ಟಲಿನಲ್ಲಿ ಇಣುಕಿದರು. ಗುಂಡಿನ ಸಮೇತ ಇಡೀ ಕಾಡತೂಸು.

"ನಾ... ಡಬ್ಬಿ ತಗದಿದ್ದೆನಲ್ಲೋ."

"ಡಬ್ಬಿ ತಗದಿದ್ರಿ."

ಗೌಡರು ಅಲ್ಲೇ ನೆಲದ ಮೇಲೆ ಕುಳಿತರು. ಕಬ್ಬಿಣದ ಪುಡಿಯಲ್ಲಿ, ಬಿಳಿ ಧೋತರದಲ್ಲಿ. ಅಲ್ಲಿಂದಲೇ ಹೇಳಿದರು, "ಇದನ್ನ ಎಲ್ಲೂ ಆಡಬ್ಯಾಡ ಹೊಳೆಪ್ಪ. ಮಂದಿ ನಗತಾರ."

"ನಾ ಆಡೂದಿಲ್ರಿ. ಆಕಿ ಬೆರಳ ನೋಡ್ರಿ ಒಮ್ಮಿ."

ನೋಡಿದರು.

ಈಗ ಬಿಸಿ ನೀರು ಹಾಕಬಹುದಿತ್ತು. ಪಿಸ್ತೂಲನ್ನು ಪೂರ್ತಿ ಬಿಚ್ಚಿದರು. ಬಿಚ್ಚಿದ ಕ್ರಮದಲ್ಲೇ ಒಂದೊಂದು ತುಂಡನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಸೂಜಿ ನಿಜವಾಗಿಯೂ ತಯಾರಾಗಿಯೇ ನಿಂತಿತ್ತು, ಅಂಟಿನಲ್ಲಿ ಹುಗಿದುಕೊಂಡು. ಕುದಿಯುವ ಸೋಡಾ ನೀರಿನಲ್ಲಿ ಹಾಕಿದಾಗ ಹಳದಿ ಪೊರೆ ಹಾಲಿನ ಕೆನೆಯಂತೆ ಎದ್ದಿತು. ಹಲ್ಲು ತಿಕ್ಕುವ ಬ್ರಶ್‌ನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಲಿಗೆ ಮಶೀನಿನ ಎಣ್ಣೆ ಒಂದೊಂದೇ ಹನಿ ಬಿಟ್ಟು ಜೋಡಿಸಿದರು. ಮುಟ್ಟಿದರೆ ಸಾಕು, ಜಾರುತ್ತಿತ್ತು. ಗೌಡರು ಒಯ್ದರು. ಹೋಗುವಾಗ ನನಗೆ, "ತಂಗಿ, ಅರಿಷಿಣ ಹಚ್ಚವಾ," ಎಂದರು. ಅಷ್ಟೇ.

ಹೊತ್ತು ಮೀರಿತ್ತು. ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ನನಗೆ ರೊಟ್ಟಿ ಬಡಿಯಲಾಗಲಿಲ್ಲ. ಅವರೇ ಕುಳಿತು ಬಡಿದರು. ಒಂದೂ ದುಂಡಗೆ ಬರಲಿಲ್ಲ. ಒಂದಕ್ಕೆ ನಡುವೆ ತೂತು.

"ಇದೇನ್ರಿ, ಕುದರಿ ಲಾಳಾ ಮಾಡೀರಿ?"

"ಲಾಳಾ ಬಡದ ಕೈ. ಸುಮ್ಮ ಉಣ್ಣು."

ನನ್ನ ಬಲಗೈ ಕಟ್ಟಿತ್ತು. ಅವರೇ ಮುರಿದು, ಪಲ್ಯ ಹಚ್ಚಿ, ತುತ್ತು ಬಾಯಿಗೆ ತಂದರು. ಆಗ ನೋಡಿದೆ. ಬೆಳಗಿನಿಂದ ಒಮ್ಮೆಯೂ ಅಲುಗದ ಕೈ ಗಡಗಡ ನಡುಗುತ್ತಿತ್ತು. ತುತ್ತು ಬಾಯಿಗೆ ಮುಟ್ಟಲೊಲ್ಲದು. ನಾನು ಎಡಗೈಯಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದು ತಿಂದೆ. ಉಣ್ಣುವವರೆಗೂ ಬಿಡಲಿಲ್ಲ.