ಅಪ್ಪ ಅರ ಉಜ್ಜಿದ ರೈಫಲ್ಲು

ಸಕ್ಕರೆ ಕಾಯಿಲೆ ಬಲಗಣ್ಣಿಗೆ ಇಳಿದಿದೆ, ಬೇಗ ಇಂಜೆಕ್ಷನ್ ಕೊಡಿಸದಿದ್ದರೆ ಹೋದ ದೃಷ್ಟಿ ಮರಳುವುದಿಲ್ಲ ಎಂದು ಹೊಸಕೋಟೆಯ ಡಾಕ್ಟರು ಹೇಳಿದಾಗ ಅಪ್ಪ ತಲೆಯಾಡಿಸಿ ಹೊರಗೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ, "ಕಣ್ಣಿಗೇನೂ ಆಗಿಲ್ಲ ಕಣಮ್ಮ. ರೈಫಲ್ಲಿನ ಫೋರ್‌ಸೈಟು ಎತ್ತರ ಆಗ್ಬಿಟ್ಟೈತೆ, ಅದ್ಕೇ ಗುಂಡು ಕೆಳಗೆ ಬೀಳ್ತೈತೆ."

ಅಪ್ಪ ಮಿಲಿಟರಿಯಿಂದ ನಿವೃತ್ತನಾದವನು. ಹೊಸಬರಿಗೆ ಗುರಿ ಹಿಡಿಯುವುದನ್ನು ಕಲಿಸುವುದೇ ಅಲ್ಲಿ ಅವನ ಕೆಲಸವಾಗಿತ್ತು. ಸಮೇತನಹಳ್ಳಿಗೆ ಬಂದ ಮೇಲೆ ಒಂದು ಏರ್ ರೈಫಲ್ ಕೊಂಡು, ಭಾನುವಾರ ಬೆಳಿಗ್ಗೆ ಪಂಪ್‌ಹೌಸಿನ ಗೋಡೆಗೆ ರಟ್ಟು ಕಟ್ಟಿ ಹೊಡೆಯುತ್ತಿದ್ದ. ಬೇರೆ ಗಂಡಸರಿಗೆ ಇಸ್ಪೀಟು ಇದ್ದ ಹಾಗೆ ಅವನಿಗೆ ಅದು. ನನಗೂ ಚಿಕ್ಕಂದಿನಲ್ಲೇ ಕಲಿಸಿದ್ದ. ನಳಿಕೆಯ ತುದಿಯಲ್ಲಿ ಒಂದು ಕಡ್ಡಿ, ಅದೇ ಫೋರ್‌ಸೈಟು; ಕಣ್ಣಿನ ಹತ್ತಿರ ಒಂದು ಕಚ್ಚು. ಕಡ್ಡಿಯ ತಲೆ ಕಚ್ಚಿನ ಅಂಚಿಗೆ ಸಮವಾಗಿ ನಿಲ್ಲಬೇಕು. ಕಡ್ಡಿ ಎತ್ತರವಾದರೆ ಗುಂಡು ಕೆಳಗೆ ಬೀಳುತ್ತದೆ, ಗಿಡ್ಡವಾದರೆ ಮೇಲೆ. ಕೇಳಿದವರಿಗೆ ತಲೆಕೆಳಗು ಅನ್ನಿಸುತ್ತದೆ, ಆದರೆ ಇರುವುದು ಹಾಗೆಯೇ.

ಮೊದಲಿದ್ದ ಕಡ್ಡಿ ಮುರಿದು ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿದ್ದ. ಅದನ್ನು ಕೂರಿಸಿದ ಮೇಲೂ ಬಹಳ ದಿನ ಗುಂಡು ನಡುಮಧ್ಯಕ್ಕೇ ಬೀಳುತ್ತಿತ್ತು. ಅದನ್ನು ನೆನಪಿಸಿದರೆ ಕೇಳುವ ಆಸಾಮಿಯಲ್ಲ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಅಮ್ಮ ಅಡುಗೆಮನೆಯಿಂದಲೇ ಚುಚ್ಚಿದಳು. ಅಪ್ಪ ನಗಲಿಲ್ಲ. ಜಗಲಿಯ ಮೇಲೆ ಕೂತು ಸಣ್ಣ ಅರದಿಂದ ಕಡ್ಡಿಯ ತಲೆ ಉಜ್ಜಿದ. ಸ್ವಲ್ಪ ದಿನ ಗುಂಡು ಗುರಿಗೆ ಬಿತ್ತು, ಆಮೇಲೆ ಮತ್ತೆ ಕೆಳಗೆ. ಮತ್ತೆ ಅರ. ಆಸ್ಪತ್ರೆಗೆ ಹೋಗೋಣ ಎಂದಾಗಲೆಲ್ಲ "ಇದೊಂದು ಸರಿಹೋಗ್ಲಿ ತಡಿ" ಎನ್ನುತ್ತಿದ್ದ. ಮಳೆಗಾಲ ಮುಗಿಯಿತು, ಅವರೆಕಾಯಿ ಕಾಲ ಬಂತು. ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಒಂದು ಭಾನುವಾರ ಅವನ ಗುಂಡುಗಳು ಆಚೆ ಈಚೆ ಚೆದುರಿದರೂ ನಡುವಿನ ಸುತ್ತಲೇ ಬಿದ್ದವು. ಗೆದ್ದವನ ಗತ್ತಿನಲ್ಲಿ ಹೊಸ ರಟ್ಟು ಕಟ್ಟಿಸಿ ನನ್ನನ್ನು ಕರೆದ. "ಬಾ, ನೀನೂ ಹೊಡಿ. ಕೆಟ್ಟಿದ್ದು ಕಣ್ಣೋ ಸೈಟೋ, ಆಮೇಲ್ ಹೇಳು."

ಮರಳಿನ ಚೀಲದ ಮೇಲೆ ಕೈಯಿಟ್ಟು, ಕಡ್ಡಿಯನ್ನು ಕಚ್ಚಿಗೆ ಸಮ ಮಾಡಿ, ಉಸಿರು ಬಿಗಿಹಿಡಿದು ಒಂದರ ಹಿಂದೊಂದು ಗುಂಡು ಹೊಡೆದೆ. ಇಬ್ಬರೂ ರಟ್ಟಿನ ಹತ್ತಿರ ಹೋದೆವು. ನಡುವೆ ಏನೂ ಇರಲಿಲ್ಲ. ಅಪ್ಪ ಬೆರಳಿನಿಂದ ಸವರುತ್ತಾ ಹೋದ. ರಟ್ಟಿನ ಮೇಲಂಚಿನಲ್ಲಿ ನನ್ನ ತೂತುಗಳೆಲ್ಲ ರೂಪಾಯಿಯಗಲದ ಜಾಗದಲ್ಲಿ ಒತ್ತೊತ್ತಾಗಿ ಇದ್ದವು.

"ಕೈ ಅಲುಗ್ತು ಅಪ್ಪ" ಅಂದೆ.

"ಸುಳ್ಳು ಹೇಳ್ಬೇಡ. ಕೈ ಅಲುಗಿದ್ರೆ ಚೆದುರ್ತಿದ್ವು."

ಪಾಠ ಅವನದೇ. ತೂತುಗಳು ಒಂದೇ ಕಡೆ ಕೂಡಿದ್ದೂ ಗುರಿ ತಪ್ಪಿದರೆ ಹೊಡೆದವರ ತಪ್ಪಲ್ಲ, ಕಡ್ಡಿಯ ತಪ್ಪು. ನೆಟ್ಟಗಿರುವ ಕಣ್ಣಿಗೆ ಗುಂಡು ಅಷ್ಟು ಮೇಲೆ ಹೋಯಿತೆಂದರೆ ಕಡ್ಡಿ ಈಗ ಗಿಡ್ಡ. ಉಜ್ಜುವ ಮೊದಲು ಸರಿಯಾಗಿಯೇ ಇತ್ತು. ಇಷ್ಟು ತಿಂಗಳೂ ಅವನು ರೈಫಲ್ಲನ್ನು ತನ್ನ ಕೆಡುತ್ತಿರುವ ಕಣ್ಣಿಗೆ ಹೊಂದಿಸುತ್ತಾ ಬಂದಿದ್ದ. ನಾನು ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ನಾಳೆ ಆಸ್ಪತ್ರೆಗೆ ಹೋಗಾನ" ಎಂದಷ್ಟೇ ಅಂದ.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನತ್ತ ತಿರುಗಿದ. ಬಹಳ ಹೊತ್ತು ನೋಡಿದ.

"ಕಿವಿ, ಕೂದ್ಲು ಕಾಣ್ತೈತೆ. ಮೂಗು ಬಾಯೆಲ್ಲಾ ಕದಡೋಗೈತೆ" ಅಂದ. "ಈ ಕಣ್ಣಿಗೆ ಇನ್ಮೇಲೆ ನೀನು ಹಿಂಗೇನಾ ಕಣಮ್ಮ?"

"ಹೂಂ ಅಪ್ಪ" ಅಂದೆ.