ನಡುಗಡಲಿನಲ್ಲಿ ಹಾಯಿ ಹೊಲಿದದ್ದು

ರಾಣೆಬೆನ್ನೂರಿನಲ್ಲಿ ನಮ್ಮದು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಗೆ ಹೊದಿಸುವುದು, ಕಣದಲ್ಲಿ ಮೆಕ್ಕೆಜೋಳದ ರಾಶಿಯ ಮೇಲೆ ಎಳೆಯುವುದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಮುಚ್ಚುವುದು, ಎಲ್ಲ ಅಳತೆಯವೂ ನಮ್ಮಲ್ಲಿ ಸಿಗುತ್ತವೆ. ನಮ್ಮ ಮನೆಯವರು ಕತ್ತರಿಸಿಕೊಡುತ್ತಾರೆ, ದೊಡ್ಡ ಮಶಿನ್ನಿನ ಮುಂದೆ ನಾನು ಕೂರುತ್ತೇನೆ. ಮೂವತ್ತೆಂಟು ತುಂಬುವವರೆಗೆ ನಾನು ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ, ದಂಡೆಯ ಮೇಲೆ ನಿಂತು.

ಒಂದು ಬೆಳಿಗ್ಗೆ ಅರವತ್ತರ ಆಸುಪಾಸಿನ ಗಂಡ ಹೆಂಡತಿ ಜೀಪಿನಲ್ಲಿ ಬಂದು ಬಿಳಿ ಬಟ್ಟೆಯ ದೊಡ್ಡ ಸುರುಳಿಯೊಂದನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿದರು. ಗಂಡ ಹಾವೇರಿಯವರು, ಸರಕು ಹಡಗುಗಳಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಆಕೆಯ ತವರು ಬ್ಯಾಡಗಿ. ಇಬ್ಬರೂ ಸೇರಿ ಗೋವಾದಲ್ಲಿ ಒಂದು ಹಾಯಿದೋಣಿ ಇಟ್ಟುಕೊಂಡಿದ್ದರು.

"ದೋಣಿ ಹಾಯಿರಿ ಇದು, ಅಂಚು ಬಿಚ್ಚೇತಿ," ಎಂದರು ಅವರು. "ಇಷ್ಟ ದಪ್ಪ ಬಟ್ಟಿ ಹೊಲಿಯೂ ಮಶಿನ್ ನಿಮ್ಮಲ್ಲೇ ಐತಿ ಅಂತ ಹೇಳಿದ್ರು."

ಹೊಲಿದುಕೊಟ್ಟೆ. ಅಳತೆ ಸರಿ ಕೂರುತ್ತದೋ ಇಲ್ಲವೋ ನೋಡಲು ನಾವಿಬ್ಬರೂ ಗೋವಾಕ್ಕೆ ಹೋದೆವು. ಹಾಯಿ ಏರಿಸಿ ಅವರು ನಮ್ಮನ್ನು ಒಂದು ತಾಸು ಸುತ್ತಾಡಿಸಿದರು. ಎಂಜಿನ್ನಿನ ಸದ್ದಿಲ್ಲದೆ, ಬರೀ ಬಟ್ಟೆಯ ಬಲದಿಂದ ಅಷ್ಟು ದೊಡ್ಡ ವಸ್ತು ಮುಂದಕ್ಕೆ ಹೋಗುವುದನ್ನು ಕಂಡು ನನಗೆ ಮೈಯೆಲ್ಲ ಜುಮ್ಮೆಂದಿತು. ನಮ್ಮ ಮನೆಯವರಿಗೆ ಹೊಟ್ಟೆ ತೊಳಸಿತು, ಅಷ್ಟೇ. ಆಮೇಲೆ ಎರಡು ಚಳಿಗಾಲ, ಕೆಲಸ ಕಡಿಮೆಯಿದ್ದ ವಾರಗಳಲ್ಲೆಲ್ಲ, ನಾನು ಗೋವಾಕ್ಕೆ ಹೋಗಿ ಹಗ್ಗ ಹಿಡಿಯುವುದನ್ನೂ ಚುಕ್ಕಾಣಿ ಹಿಡಿಯುವುದನ್ನೂ ಕಲಿತೆ. ಅಷ್ಟರಲ್ಲಿ ಆ ಎಂಜಿನಿಯರು ನನಗೆ ಅಣ್ಣಾರು, ಅವರ ಹೆಂಡತಿ ಅಕ್ಕಾರು ಆಗಿದ್ದರು.

ಅವರಿಬ್ಬರೂ ಆಫ್ರಿಕಾದ ಕಡೆಯ ದ್ವೀಪಗಳಾದ ಸೀಶೆಲ್ಸ್‌ವರೆಗೆ ಹೋಗುವವರಿದ್ದರು, ಹದಿನೆಂಟು ಇಪ್ಪತ್ತು ದಿನಗಳ ಹಾದಿ. ಇಬ್ಬರ ಕೈ ಸಾಲದು. "ನೀ ಬರ್ತೀ ಏನವಾ?" ಎಂದು ಅಕ್ಕಾರು ಕೇಳಿದರು.

ಊರಿಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಮೂರನೆಯ ದಿನ ಕತ್ತರಿ ಕೆಳಗಿಟ್ಟು, "ಸಣ್ಣಾಕಿದ್ದಾಗ ಕರ್ಜಗಿ ಹೊಳೀ ಈಜಿ ದಾಟಿದಾಕಿ ನೀ. ಹೋಗಿ ಬಾ. ಅಂಗಡಿ ನಾ ನೋಡ್ಕೋತೇನಿ," ಎಂದರು. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದೆ. ಎರಡು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ.

ಫೆಬ್ರುವರಿಯಲ್ಲಿ ಹೊರಟೆವು. ಮೂವತ್ನಾಲ್ಕು ಅಡಿಯ ದೋಣಿ, ಒಂದು ಲಾರಿಗಿಂತ ಸ್ವಲ್ಪ ಉದ್ದ. ಮೂರು ಮೂರು ತಾಸಿನ ಪಾಳಿ. ಪಾಳಿಯ ಮೇಲಿದ್ದವರು ನಡುವಿಗೆ ಪಟ್ಟಿ ಕಟ್ಟಿಕೊಂಡು, ಅದರ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಹೊರಗೆ ಕಾಲಿಡುವಂತಿರಲಿಲ್ಲ. ಒಂಬತ್ತು ದಿನ ಹಿತವಾದ ಗಾಳಿ. ಇಷ್ಟೇ ಏನು ಸಮುದ್ರ ಎಂದು ನಾನು ಒಳಗೊಳಗೇ ಬೀಗಿದ್ದೂ ಉಂಟು.

ಹತ್ತನೆಯ ದಿನ ಗಾಳಿ ಸತ್ತಿತು. ಆದರೆ ದಕ್ಷಿಣದಿಂದ ಉದ್ದನೆಯ ಅಲೆಗಳು ಬರತೊಡಗಿದವು, ಗಾಳಿಯೇ ಇಲ್ಲದೆ. ಅಣ್ಣಾರು ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ಮತ್ತೆ ಮತ್ತೆ ನೋಡಿದರು. ಅದು ಇಳಿಯುತ್ತಿತ್ತು. ಸ್ಯಾಟಲೈಟ್ ಫೋನಿಗೆ ಬಂದ ಹವಾಮಾನದ ಸಂದೇಶವೂ ಅದನ್ನೇ ಹೇಳಿತು: ಮೂರು ದಿನ ಜೋರು ಗಾಳಿ, ಮಳೆ.

"ಈಗ ಉಣ್ರಿ, ಈಗ ಮಲಗ್ರಿ," ಎಂದರು ಅಣ್ಣಾರು. "ಆಮ್ಯಾಲೆ ಎರಡೂ ಆಗೂದಿಲ್ಲ."

ಅಕ್ಕಾರು ಬಿಸಿನೀರು ಫ್ಲಾಸ್ಕಿಗೆ ತುಂಬಿದರು. ಪಾತ್ರೆ, ಡಬ್ಬಿ, ಚಾಕು ಎಲ್ಲವನ್ನೂ ಕಟ್ಟಿಹಾಕಿದೆವು. ಹಾಯಿಯನ್ನು ಮಡಚಿ ಮೂರರಲ್ಲೊಂದು ಪಾಲಿಗೆ ಇಳಿಸಿದೆವು.

ಮರುದಿನ ಬೆಳಿಗ್ಗೆ ಗಾಳಿ ಬಂತು. ಅದರ ಸದ್ದು ಹೇಗಿತ್ತು ಎಂದು ಹೇಳಲು ನಾನು ಹಲವು ಸಲ ಪ್ರಯತ್ನಿಸಿ ಸೋತಿದ್ದೇನೆ. ಹಗ್ಗಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು, ಅಷ್ಟು ಹೇಳಬಲ್ಲೆ. ಅಣ್ಣಾರು ಚುಕ್ಕಾಣಿಯನ್ನು ಒಂದು ಬದಿಗೆ ಕಟ್ಟಿ, ದೋಣಿಯನ್ನು ಗಾಳಿಗೆ ಓರೆಯಾಗಿ ನಿಲ್ಲಿಸಿದರು. ಮುಂದೆ ಹೋಗುವ ಹಟ ಬಿಟ್ಟರೆ ದೋಣಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದು ಹೇಳಿದರು. ನನಗೆ ಅದನ್ನು ಕೇಳುವ ಸ್ಥಿತಿಯೇ ಇರಲಿಲ್ಲ. ಇದ್ದದ್ದೆಲ್ಲ ವಾಂತಿಯಾಗಿ, ಆಮೇಲೆ ಹಸಿರು ಪಿತ್ತ. ಕ್ಯಾಬಿನ್ನಿನ ನೆಲಕ್ಕೆ ಅಂಟಿ ಮಲಗಿ, ಅಳುತ್ತ, "ನನ್ನ ಮನೀಗೆ ಕಳಸ್ರಿ ಅಣ್ಣಾರ, ನಾ ಇಲ್ಲಿರಂಗಿಲ್ಲ," ಎಂದುಬಿಟ್ಟೆ.

ಅವರು ನಗಲಿಲ್ಲ. "ಇಲ್ಲಿ ಬಸ್ ಬರೂದಿಲ್ಲವ್ವ," ಎಂದು ಸಮಾಧಾನವಾಗಿ ಹೇಳಿ, ಉಪ್ಪು ಸಕ್ಕರೆ ಹಾಕಿದ ನೀರನ್ನು ಚಮಚೆಯಲ್ಲಿ ಕುಡಿಸಿದರು. "ಒಂದ ಚಮಚಾ. ಅದು ನಿಂತ್ರ ಇನ್ನೊಂದ."

ಎರಡನೆಯ ದಿನ ಮಧ್ಯಾಹ್ನ ಎರಡು ಸಂಗತಿಗಳು ಒಂದರ ಬೆನ್ನಿಗೊಂದು ನಡೆದವು. ದೋಣಿ ಧಡ್ಡನೆ ವಾಲಿದಾಗ ಅಕ್ಕಾರು ಮೆಟ್ಟಿಲಿನಿಂದ ಜಾರಿ ಬಲ ಮಣಿಕಟ್ಟಿನ ಮೇಲೆ ಬಿದ್ದರು. ಕೈ ಕಣ್ಣೆದುರೇ ಊದಿಕೊಂಡಿತು. ಅದಕ್ಕೆ ಪಟ್ಟಿ ಸುತ್ತುತ್ತಿದ್ದಾಗಲೇ ಮೇಲೆ ಫಡಫಡ ಸದ್ದು. ಹಾಯಿಯ ಅಂಚು ಒಂದು ಮೊಳದಷ್ಟು ಬಿಚ್ಚಿಕೊಂಡಿತ್ತು.

ಅದು ನಾನೇ ಹೊಲಿದಿದ್ದ ಅಂಚು. ಅಂಗಡಿಯಲ್ಲಿ ಅದನ್ನು ಹೊಲಿದ ದಿನ ತಾಡಪತ್ರಿಗಾಗಿ ಲಾರಿಯವರು ಕಾಯುತ್ತಿದ್ದರೆಂದು ಅಲ್ಲಿ ಒಂದೇ ಸಾಲು ಹೊಲಿಗೆ ಹಾಕಿ ಮುಗಿಸಿದ್ದೆ. ಎರಡು ಬೇಕಿತ್ತು. ನನಗೆ ಗೊತ್ತಿತ್ತು, ಆದರೂ ಹೇಳಿರಲಿಲ್ಲ.

"ಅಣ್ಣಾರ, ತಪ್ಪು ನಂದು," ಎಂದೆ. "ಒಂದ ಹೊಲಿಗಿ ಹಾಕೀನಿ ಅಲ್ಲಿ."

ಅವರು ಹಗ್ಗದ ಕೊಕ್ಕೆಯನ್ನು ಕೈಗೆತ್ತಿಕೊಂಡರು. "ಈಗ ಎರಡು ಹಾಕು," ಎಂದರು. "ಇಳಸೂಣು ನಡಿ. ಹಾಯಿ ಹರಿದು ಹೋದ್ರ ದೋಣಿ ಹಿಂಗ ನಿಂದ್ರೂದಿಲ್ಲ."

ಇಬ್ಬರೂ ಕೊಕ್ಕೆ ಸಿಕ್ಕಿಸಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಹಾಯಿಕಂಬದವರೆಗೆ ಹೋದೆವು. ಒಂದು ಅಲೆ ನನ್ನನ್ನು ಎತ್ತಿ ಬದಿಯ ತಂತಿಗೆ ಒಗೆಯಿತು. ನಡುವಿನ ಹಗ್ಗ ಬಿಗಿದು ನಿಲ್ಲಿಸಿತು. ಉಪ್ಪುನೀರು ಉಗುಳಿ ಮತ್ತೆ ತೆವಳಿದೆ. ಹಾಯಿ ಇಳಿಸಿ ಒಳಗೆ ತಳ್ಳಿದೆವು. ಹಾಯಿ ಇಲ್ಲದ ಹೊತ್ತಿನಲ್ಲಿ ದೋಣಿ ಅಡ್ಡ ಬೀಳದಿರಲೆಂದು ಅಣ್ಣಾರು ಹಿಂಬದಿಯಿಂದ ಉದ್ದನೆಯ ದಪ್ಪ ಹಗ್ಗಗಳನ್ನು ನೀರಿಗೆ ಬಿಟ್ಟು, ತಾವೇ ಚುಕ್ಕಾಣಿ ಹಿಡಿದು ಕುಳಿತರು.

ಕ್ಯಾಬಿನ್ನಿನ ತುಂಬ ಒದ್ದೆ ಹಾಯಿ. ಬೆನ್ನನ್ನು ಒಂದು ಗೋಡೆಗೆ, ಪಾದಗಳನ್ನು ಎದುರಿನ ಹಲಗೆಗೆ ಒತ್ತಿ ಕುಳಿತೆ. ಅಂಗೈಗೆ ಚರ್ಮದ ಪಟ್ಟಿ, ಮೂರು ಬೆರಳುದ್ದದ ಸೂಜಿ. ಅಕ್ಕಾರು ಎಡಗೈಯಿಂದ ಬಟ್ಟೆ ಬಿಗಿಹಿಡಿದರು, ಹಲ್ಲಿನಿಂದ ದಾರ ಕಡಿದುಕೊಟ್ಟರು. ನೋವಿಗೆ ಅವರ ತುಟಿ ಬಿಳಿಚಿಕೊಂಡಿತ್ತು. ಮಾತು ಮಾತ್ರ ನಿಲ್ಲಿಸಲಿಲ್ಲ. ತಮ್ಮ ಮದುವೆಯ ಹೊಸತರಲ್ಲಿ ಬ್ಯಾಡಗಿಯಿಂದ ಹೊರಗೇ ಹೋಗದ ತಾವು ಗಂಡನ ಹಡಗು ಹತ್ತಿದ್ದು, ವಾರಗಟ್ಟಲೆ ಅತ್ತದ್ದು, ಎಲ್ಲ ಹೇಳಿದರು.

"ನೀ ಒಂದ ದಿನ ಅತ್ತಿ. ನಾ ಹದಿನೈದ ದಿನ ಅತ್ತೇನಿ," ಎಂದರು.

ಸೂಜಿ ಹಿಡಿದ ಮೇಲೆ ವಾಂತಿಗೆಂದು ಬಕೆಟ್ಟಿನ ಕಡೆ ಎರಡೇ ಸಲ ತಿರುಗಿದೆ. ಅಂಜಿಕೆ ಹೋಯಿತೆಂದಲ್ಲ. ಅಲೆ ಬಡಿದಾಗ ಎದೆ ಧಸಕ್ಕೆನ್ನುತ್ತಿತ್ತು, ಆದರೆ ಮುಂದಿನ ಹೊಲಿಗೆಗೆ ಜಾಗ ಹುಡುಕುವಷ್ಟರಲ್ಲಿ ಆ ಅಲೆ ದಾಟಿಹೋಗಿರುತ್ತಿತ್ತು. ಸುಮಾರು ಮೂರು ತಾಸು ಹಿಡಿಯಿತು. ಎರಡು ಸಾಲು, ಅಂಚಿನ ಕೊನೆಗೆ ಅಡ್ಡ ಒಂದು.

ಮತ್ತೆ ತೆವಳಿ, ಮತ್ತೆ ಏರಿಸಿದೆವು. ಗಾಳಿ ತುಂಬಿದಾಗ ನಾನು ಆ ಅಂಚನ್ನೇ ನೋಡುತ್ತಿದ್ದೆ. ಬಟ್ಟೆ ಬಿಗಿಯಿತು, ಹೊಲಿಗೆ ಹಿಡಿಯಿತು. ಓಲಾಟ ತಗ್ಗಿ, ದೋಣಿ ಕೆರೆಯಲ್ಲಿ ಕೂತ ಎಮ್ಮೆಯ ಹಾಗೆ ಅಲೆಗಳ ನಡುವೆ ನೆಮ್ಮದಿಯಾಗಿ ಕೂತಿತು. ಅಣ್ಣಾರು ಎರಡು ದಿನಗಳಲ್ಲಿ ಮೊದಲ ಸಲ ನಿದ್ದೆ ಹೋದರು. ಸಂಜೆಯ ಪಾಳಿ ನಾನು ಹಿಡಿದೆ. ಅಷ್ಟು ದೊಡ್ಡ ಅಲೆ ಬಂದು, ದೋಣಿಯನ್ನು ಎತ್ತಿ, ಏನೂ ಮಾಡದೆ ಕೆಳಗಿನಿಂದ ಜಾರಿಹೋಗುವುದನ್ನು ಆಗ ಸರಿಯಾಗಿ ನೋಡಿದೆ. ಎಣಿಸತೊಡಗಿದೆ. ನೂರರ ಮೇಲೆ ಬಿಟ್ಟುಬಿಟ್ಟೆ.

ಮೂರನೆಯ ದಿನದ ಬೆಳಿಗ್ಗೆ ಮಳೆ ನಿಂತಿತು, ಗಾಳಿಯೂ ತಗ್ಗಿತು. ಮೂವರೂ ಹೊರಗೆ ಕುಳಿತು ಮೆತ್ತಗಾಗಿದ್ದ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿಂದೆವು. ಹೊಟ್ಟೆಯಲ್ಲಿ ನಿಂತಿತು. ನಾನು ನಾಲ್ಕು ರೊಟ್ಟಿ ತಿಂದೆ.

ಅದಾಗಿ ಎಂಟನೆಯ ದಿನ ಹಸಿರು ಗುಡ್ಡಗಳು ಕಂಡವು. ಬಂದರಿನಲ್ಲಿ ಇಳಿದಾಗ ನೆಲವೇ ತೂಗಿದಂತಾಗಿ ಕಟ್ಟೆ ಹಿಡಿದು ನಿಂತೆ. ಆಸ್ಪತ್ರೆಯಲ್ಲಿ ಅಕ್ಕಾರ ಕೈಯ ಎಕ್ಸ್‌ರೇ ತೆಗೆದರು. ಎಲುಬಿನಲ್ಲಿ ಸಣ್ಣ ಬಿರುಕು, ಆರು ವಾರದಲ್ಲಿ ಕೂಡುತ್ತದೆ ಎಂದರು. ಅವರು ಪ್ಲಾಸ್ಟರ್ ಹಾಕಿಸಿಕೊಂಡು ನಗುತ್ತಲೇ ಹೊರಗೆ ಬಂದರು.

ಆಸ್ಪತ್ರೆಯ ಮುಂದಿನ ಬೆಂಚಿನಿಂದ ಮನೆಗೆ ಫೋನ್ ಮಾಡಿದೆ. ಬಿರುಗಾಳಿಯದು, ವಾಂತಿಯದು, ನನ್ನ ತಪ್ಪಿನದು, ಎಲ್ಲ ಹೇಳಿದೆ. ನಮ್ಮ ಮನೆಯವರು ಕೇಳಿದರು:

"ಬಾಳ ಅಂಜಿದ್ದಿ ಏನು?"

"ಬಾಳ ಅಂಜಿದ್ದೆರಿ."

"ವಾಪಸ್ ವಿಮಾನದಾಗ ಬರ್ತೀ ಹೌದಿಲ್ಲೋ?"

ಆರು ವಾರ ಅಕ್ಕಾರ ಕೈ ಆಡುವಂತಿರಲಿಲ್ಲ. ಮೇ ತಿಂಗಳಲ್ಲಿ ಗಾಳಿ ನಮ್ಮ ಕಡೆ ತಿರುಗುತ್ತದೆ, ಮಳೆಗಾಲ ಜೋರಾಗುವ ಮುಂಚೆ ದೋಣಿಯನ್ನು ಗೋವಾಕ್ಕೆ ತರಬೇಕು ಎಂದು ಅಣ್ಣಾರು ಹೇಳಿದ್ದರು.

"ಇಲ್ಲರಿ," ಎಂದೆ. "ಮೇ ತಿಂಗಳದಾಗ ದೋಣಿ ಮ್ಯಾಲೇ ಬರ್ತೇನಿ."